ಅಡಿಯಲ್ಲಿರುವುದಕ್ಕೆ ಎಷ್ಟು ಹೆಸರು?

ಪಡುಬಿದ್ರಿಯಿಂದ ಹೆದ್ದಾರಿ ಹಿಡಿದು ಕಾಪುವಿಗೆ ಬಂದು, ಅಲ್ಲಿಂದ ಶಿರ್ವದ ಕಡೆಗೆ ಮುಖ ಮಾಡಿದರೆ ಪಾದೂರು ಸಿಗುತ್ತದೆ. ಮೇಲಿಂದ ನೋಡಿದರೆ ಕರಾವಳಿಯ ಉಳಿದ ಹಳ್ಳಿಗಳಂಥದೇ ಊರು. ಆದರೆ ಇದರ ನೆಲದಡಿಯಲ್ಲಿ ದೇಶದ ಆಪತ್ಕಾಲದ ಕಚ್ಚಾತೈಲ ಕೂಡಿಡಲು ಕೊರೆದ ಗವಿಗಳಿವೆ. 25 ಲಕ್ಷ ಟನ್ ಸಾಮರ್ಥ್ಯ. ಮಂಗಳೂರಿನದು 15 ಲಕ್ಷ ಟನ್, ವಿಶಾಖಪಟ್ಟಣದ್ದು 13.3 ಲಕ್ಷ ಟನ್, ಹಾಗಾಗಿ ಮೂರರಲ್ಲಿ ಪಾದೂರಿನದೇ ದೊಡ್ಡದು. ಇಷ್ಟು ಎಣ್ಣೆ ಹಿಡಿದಿಡುವ ಪಾತ್ರೆ ಯಾವುದರಿಂದ ಮಾಡಿದ್ದು ಎಂದರೆ, ಯಾವುದರಿಂದಲೂ ಅಲ್ಲ. ಒಳಗೆ ಉಕ್ಕಿನ ಹೊದಿಕೆ ಇಲ್ಲ. ಬರಿಯ ಬಂಡೆ ಮತ್ತು ಆ ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರು. ಗವಿಯ ಸುತ್ತಲಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಂಡರೆ ಎಣ್ಣೆ ಹೊರಗೆ ಜಿನುಗಲಾರದು. ನೀರೇ ತುಸು ಒಳಗೆ ಜಿನುಗುತ್ತದೆ, ಅದನ್ನು ಪಂಪಿನಿಂದ ಮೇಲೆತ್ತುತ್ತಾರೆ. ಒತ್ತಡ ಕುಗ್ಗದಿರಲೆಂದು ಗವಿಗಳ ಮೇಲ್ಭಾಗದಲ್ಲಿ ಸಾಲಾಗಿ ತೂತು ಕೊರೆದು ನೀರು ಊಡುತ್ತಾರೆ. ಅದಕ್ಕೆ ನೀರಿನ ಪರದೆ ಎಂದು ಹೆಸರು. ಅಡಿಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಇಷ್ಟು ಬೆಲೆಬಾಳುವ ಉತ್ತರ ನಮ್ಮ ಉಡುಪಿ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು.

ಹೀಗೆ ಅಡಿಯಲ್ಲಿದ್ದು ಮೇಲಿನದಕ್ಕೆ ಆಧಾರವಾಗುವ ವಸ್ತುವಿಗೆ ವಿಜ್ಞಾನದ ಇಂಗ್ಲಿಷಿನಲ್ಲಿ ಸಬ್‌ಸ್ಟ್ರೇಟ್ ಎನ್ನುತ್ತಾರೆ. ಅದರ ಹಿರಿಯ ರೂಪ ಸಬ್‌ಸ್ಟ್ರೇಟಮ್. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಅಡಿಗೆ ಹಾಸಿದ್ದು’ ಎಂದಷ್ಟೇ. ಕನ್ನಡದ ವಿಜ್ಞಾನ ಬರಹಗಳಲ್ಲಿ ಇದು ಅಧಃಸ್ತರ, ತಳಸ್ತರ, ತಲಾಧಾರ ಎಂದೆಲ್ಲ ವೇಷ ಬದಲಿಸಿಕೊಂಡು ಬರುತ್ತದೆ. ಅಧಃಸ್ತರವನ್ನು ಟಂಕಿಸಿದವರನ್ನು ತಪ್ಪು ಎನ್ನಲಾಗದು. ಸಂಸ್ಕೃತದ ಸ್ತರವೂ ಲ್ಯಾಟಿನ್ನಿನ ಸ್ಟ್ರೇಟಮ್ಮೂ ‘ಹರಡು, ಹಾಸು’ ಎಂಬ ಒಂದೇ ಹಳೆಯ ಧಾತುವಿನ ಮಕ್ಕಳು. ಅನುವಾದ ದಾಯಾದಿಗಳ ಮನೆಯೊಳಗೇ ನಡೆದಿದೆ. ಹಾಸುಗಲ್ಲು, ಹಾಸುಬಂಡೆ ಎನ್ನುವ ನಮಗೆ ‘ಅಡಿಹಾಸು’ ಎಂಬ ಅಚ್ಚಗನ್ನಡ ಪದವೂ ಸುಲಭವಾಗಿ ಹುಟ್ಟಬಹುದು. ನನ್ನ ತಕರಾರು ಪದದ ಚಂದದ ಮೇಲಲ್ಲ. ಸಬ್‌ಸ್ಟ್ರೇಟ್ ಎಂಬುದು ವಸ್ತುವಿನ ಹೆಸರಲ್ಲ, ಸ್ಥಾನದ ಹೆಸರು. ಅತ್ತೆ, ಅಳಿಯ ಎಂಬ ಮಾತುಗಳ ಹಾಗೆ. ಯಾರೂ ತಾವೇ ತಾವಾಗಿ ಅಳಿಯನಾಗಿರುವುದಿಲ್ಲ, ಯಾರದೋ ಅಳಿಯನಾಗಿರುತ್ತಾರೆ. ಹಾಗೆಯೇ ಯಾವ ಕಲ್ಲೂ ಮಣ್ಣೂ ತನ್ನಷ್ಟಕ್ಕೆ ಸಬ್‌ಸ್ಟ್ರೇಟ್ ಅಲ್ಲ. ಅದರ ಮೇಲೆ ಏನೋ ಕೂತಾಗ, ಬೆಳೆದಾಗ, ಅಂಟಿದಾಗ ಅದಕ್ಕೆ ಆ ಪದವಿ ಬರುತ್ತದೆ. ನಮ್ಮ ಅನುವಾದಗಳು ಈ ಸಂಬಂಧವಾಚಕವನ್ನು ವಸ್ತುವಾಚಕವೆಂದು ತಿಳಿದು, ಅಧಃಸ್ತರ ಎಂದು ಬರೆದ ಮೇಲೆ ಕೆಲಸ ಮುಗಿಯಿತೆಂದು ಪೆನ್ನು ಕೆಳಗಿಡುತ್ತವೆ. ಕೆಳಗಿರುವುದು ಏನು ಎಂಬುದು ಹೇಳದೆಯೇ ಉಳಿಯುತ್ತದೆ.

ಗೊಮ್ಮಟರಿಬ್ಬರನ್ನು ಪಕ್ಕಪಕ್ಕ ಇಟ್ಟುಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಶ್ರವಣಬೆಳಗೊಳದ ಮೂರ್ತಿಯನ್ನು ವಿಂಧ್ಯಗಿರಿಯ ನೆತ್ತಿಯ ಬಂಡೆಯಲ್ಲೇ ಕಡೆದದ್ದು. ಅಲ್ಲಿ ಪಾದ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಎಂದು ಶಿಲ್ಪಿ ಹೇಳಬಹುದು, ಭೂವಿಜ್ಞಾನಿ ಹೇಳಲಾರ. ಕಾರ್ಕಳದ 42 ಅಡಿಯ ಗೊಮ್ಮಟ ಹಾಗಲ್ಲ. ವೀರಪಾಂಡ್ಯ ಭೈರರಸ 1432ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಮೂರ್ತಿಯನ್ನು ಬೇರೆಡೆ ಕಡೆದು ಗುಡ್ಡದ ಮೇಲಕ್ಕೆ ಸಾಗಿಸಿ ನಿಲ್ಲಿಸಿದರೆಂಬುದು ಬಂದ ಹೇಳಿಕೆ. ಅದನ್ನು ಒಪ್ಪಿದರೆ ಕಾರ್ಕಳದ ಗುಡ್ಡ ಮೂರ್ತಿಯ ಅಡಿಹಾಸು, ಬೆಳಗೊಳದ ಗುಡ್ಡ ಮೂರ್ತಿಯ ಒಡಲು. ಕಲ್ಲಿನ ಜಾತಿ ಹತ್ತಿರಹತ್ತಿರ ಒಂದೇ, ಸಂಬಂಧ ಬೇರೆ.

ವಸ್ತುವಿಗೆ ಹೆಸರಿಡುವ ಕೆಲಸವನ್ನು ನಮ್ಮ ಜನ ಎಷ್ಟು ಚೆನ್ನಾಗಿ ಮಾಡಿದ್ದರು ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲೇ ಸಾಕ್ಷಿಯಿದೆ. ಟಿಪ್ಪುವಿನ ಪತನದ ಬೆನ್ನಿಗೆ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾಗಳಲ್ಲಿ ತಿರುಗಾಡಿ ನೆಲ, ಬೆಳೆ, ಜನ ಎಲ್ಲವನ್ನೂ ಬರೆದಿಟ್ಟ. ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಮಲಬಾರಿನ ಅಂಗಡಿಪುರದಲ್ಲಿ ಅವನ ಕಣ್ಣಿಗೆ ಬಿದ್ದದ್ದು ನಮಗೆಲ್ಲ ಗೊತ್ತಿರುವ ಕೆಂಪು ತೂತುಗಲ್ಲು. ನೆಲದಲ್ಲಿದ್ದಾಗ ಕಬ್ಬಿಣದ ಹತ್ಯಾರಿಗೆ ಸಲೀಸಾಗಿ ಕಡಿಯಲು ಬರುತ್ತದೆ, ಗಾಳಿ ಬಿಸಿಲಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ, ಕಡಿದ ತುಂಡನ್ನು ಹಾಗೆಯೇ ಗೋಡೆಗೆ ಇಡಬಹುದು. ಇದಕ್ಕೊಂದು ಶಾಸ್ತ್ರೀಯ ಹೆಸರು ಬೇಕಾದಾಗ ಅವನು ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ‘ಲೇಟರ್’ ಎಂಬ ಪದ ಹಿಡಿದು ಲ್ಯಾಟರೈಟ್ ಎಂದ. ಇಲ್ಲಿನ ಭಾಷೆಗಳಲ್ಲಿ ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆ ಎಂದು ಅವನೇ ದಾಖಲಿಸಿದ್ದಾನೆ. ಅಂದರೆ ಇವತ್ತು ಬ್ರೆಜಿಲ್‌ನಿಂದ ಆಸ್ಟ್ರೇಲಿಯಾವರೆಗೆ ಭೂವಿಜ್ಞಾನದ ಪುಸ್ತಕಗಳಲ್ಲಿರುವ ಆ ಪದ ನಮ್ಮ ಕಡೆಯ ಕಲ್ಲು ಕಡಿಯುವವರ ಮಾತಿನ ಲ್ಯಾಟಿನ್ ಅನುವಾದ. ಕನ್ನಡದ ಜಂಬಿಟ್ಟಿಗೆಯ ಹೊಟ್ಟೆಯಲ್ಲೂ ಅದೇ ಇಟ್ಟಿಗೆ ಕೂತಿದೆ. ಉಡುಪಿ, ಮಂಗಳೂರಿನ ಕಡೆ ಅದು ಮುರಕಲ್ಲು, ಕೆಂಪುಕಲ್ಲು. ಉತ್ತರ ಕನ್ನಡಕ್ಕೆ ಹೋದರೆ ಚಿರೆಕಲ್ಲು. ಅನುವಾದ ಅಲ್ಲಿಂದ ಇಲ್ಲಿಗೇ ಬರಬೇಕು ಎಂದು ಸುಮ್ಮನೆ ಊಹಿಸಿಕೊಂಡಿರುವ ನಮಗೆ ಇದೊಂದು ತಮಾಷೆಯ ನೆನಪು.

ಬುಕಾನನ್ ಆ ಕಲ್ಲಿಗೆ ‘ಮೇಲ್ಪದರ’ ಎಂದು ಹೆಸರಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಅದು ಎಲ್ಲಿದೆ ಎಂಬುದಕ್ಕಿಂತ ಹೇಗೆ ವರ್ತಿಸುತ್ತದೆ ಎಂಬುದರಿಂದ ಹೆಸರು ಹುಟ್ಟಿತು. ಕರಾವಳಿಯ ನೆಲದ ಪದಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಮುರಕಲ್ಲಿನ ಅಡಿಯಲ್ಲಿ ಸಿಗುವ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು ಶೇಡಿ. ಅದು ಒಣಗಿದಾಗ ಗಟ್ಟಿ, ನೀರು ಕುಡಿದರೆ ಜಾರು. ಕುಂಬಾರನ ಕೈಗೆ ಒಗ್ಗುವುದು ಆವೆ ಮಣ್ಣು. ಹೊಳೆ, ಕಡಲ ಬದಿಯ ಮರಳು ಹೊಯಿಗೆ. ನೆಲದಿಂದ ತಲೆಯೆತ್ತಿ ನಿಂತ ಗಟ್ಟಿ ಬಂಡೆ ತುಳುವಿನಲ್ಲಿ ಪಾದೆ. ಪಡುಬಿದ್ರಿ ಗ್ರಾಮ ಪಂಚಾಯತಿನೊಳಗೇ ಪಾದೆಬೆಟ್ಟು ಎಂಬ ಊರಿದೆ. ಘಟ್ಟದ ಮೇಲಿನವರು ಆ ‘ಬೆಟ್ಟು’ವನ್ನು ಬೆಟ್ಟ ಎಂದು ಓದಿಕೊಳ್ಳುತ್ತಾರೆ. ಅದು ಬೆಟ್ಟವಲ್ಲ, ಗದ್ದೆಯ ಒಂದು ಜಾತಿ. ತುಳುನಾಡಿನ ಬೇಸಾಯದಲ್ಲಿ ಭೂಮಿ ಮೂರು ಬಗೆ: ಮಳೆಗಾಲದ ಏಣೆಲು ಬೆಳೆಗೆ ಮಾತ್ರ ನೀರು ನಿಲ್ಲುವ ಎತ್ತರದ್ದು ಬೆಟ್ಟು, ಸುಗ್ಗಿಗೂ ಒದಗುವ ನಡುವಿನದು ಮಜಲು, ಕೊಳಕೆಯವರೆಗೂ ಮೂರು ಬೆಳೆಗೆ ತೇವ ಹಿಡಿದಿಡುವ ತಗ್ಗಿನದು ಬೈಲು. ಮಣ್ಣಿನ ಬಣ್ಣದಿಂದಲ್ಲ, ಅಡಿಯ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದರಿಂದ ಮಾಡಿದ ವಿಂಗಡಣೆ ಇದು. ಹೀಗಾಗಿ ಊರಿನ ಹೆಸರುಗಳೇ ಒಂದು ಬಗೆಯ ನಕ್ಷೆ. ಅದನ್ನು ಓದಲು ಉಪಕರಣ ಬೇಡ, ನಿಘಂಟು ಸಾಕು. ಆ ನಿಘಂಟೂ ಉಡುಪಿಯಲ್ಲೇ ಸಿದ್ಧವಾಯಿತು: ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಹೊರಬಂದ ಆರು ಸಂಪುಟಗಳ ತುಳು ನಿಘಂಟು.

ಹೆಸರಿದ್ದರೇನು, ಇಲ್ಲದಿದ್ದರೇನು ಎನ್ನುವವರು ಕರಾವಳಿಯ ಏಪ್ರಿಲ್ ತಿಂಗಳ ಬಾವಿಗಳನ್ನು ನೋಡಬೇಕು. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಬೇಸಿಗೆಗೆ ಟ್ಯಾಂಕರ್ ಓಡುತ್ತದೆ. ಮಳೆ ಕಡಿಮೆಯಾಯಿತು, ಕಾಡು ಹೋಯಿತು ಎಂಬ ಮಾತುಗಳಲ್ಲಿ ಸತ್ಯಾಂಶ ಇರಬಹುದು. ಆದರೆ ಮೊದಲ ಕಾರಣ ಅಡಿಯಲ್ಲಿದೆ. ಲಕ್ಷಾಂತರ ಮಳೆಗಾಲಗಳು ಬಂಡೆಯೊಳಗಿನ ಕರಗುವ ಅಂಶಗಳನ್ನು, ಸಿಲಿಕಾವನ್ನೂ ಸೇರಿಸಿ, ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಮ್ಮಿನ ಆಕ್ಸೈಡುಗಳನ್ನು ಉಳಿಸಿದ್ದರಿಂದ ಮುರಕಲ್ಲು ಆಯಿತು. ತೊಳೆದುಹೋದ ಜಾಗವೇ ಅದರ ತೂತುಗಳು. ಆ ತೂತುಗಳಲ್ಲಿ ನೀರು ಬೇಗ ಇಳಿಯುತ್ತದೆ, ಬೇಗ ಹರಿದೂ ಹೋಗುತ್ತದೆ. ಕೆಳಗಿನ ಶೇಡಿಯದು ಬೇರೆ ಸ್ವಭಾವ: ತಾನು ನೀರು ಹೀರಿಕೊಂಡಿರುತ್ತದೆ, ಆದರೆ ಬಿಟ್ಟುಕೊಡಲು ಜಿಪುಣ. ಹಾಗಾಗಿ ಮಳೆನೀರು ಮುರವನ್ನು ದಾಟಿ ಶೇಡಿಯ ಮೇಲೆ ನಿಂತು ಬದಿಗೆ ಹರಿದು ತಗ್ಗಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ದೀಪಾವಳಿಯ ಹೊತ್ತಿಗೆ ಗುಡ್ಡದ ಮೇಲಿನ ಬಾವಿಯಲ್ಲಿ ನೀರು ಇಳಿಯತೊಡಗಿರುತ್ತದೆ. ಶೇಡಿಯನ್ನೂ ದಾಟಿದರೆ 250 ಕೋಟಿ ವರ್ಷಕ್ಕೂ ಹಿಂದಿನ ಗಟ್ಟಿ ಬಂಡೆ. ಅಲ್ಲಿ ನೀರಿದ್ದರೆ ಬಿರುಕಿನಲ್ಲಿ ಮಾತ್ರ. ಕೊಳವೆಬಾವಿ ಕೊರೆಯುವವರು ಮೇಲಿನ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತ ಹೋಗಿ, ಗಟ್ಟಿ ಬಂಡೆ ಸಿಕ್ಕ ಮೇಲೆ ಬರಿ ತೂತು ಕೊರೆಯುತ್ತಾರೆ. ಈ ಮೂರನ್ನೂ ಒಟ್ಟು ಸೇರಿಸಿ ಅಧಃಸ್ತರ ಎಂದರೆ ಬಾವಿ ತೋಡುವವನಿಗೆ ಏನು ಹೇಳಿದಂತಾಯಿತು? ಇಂಗುಗುಂಡಿ ಮುರದಲ್ಲಿ ತೋಡಿದರೆ ಒಂದು ಫಲ, ಶೇಡಿಯಲ್ಲಿ ತೋಡಿದರೆ ಇನ್ನೊಂದು. ಇಳಿಜಾರಿನ ಶೇಡಿಗೆ ಹೆಚ್ಚು ನೀರು ಊಡಿಸಿದರೆ ಗುಡ್ಡವೇ ಜಾರಬಹುದು.

ಈ ಪದರಗಳ ಅರಿವನ್ನು ಬದುಕಿನ ಕಸುಬಾಗಿ ಮಾಡಿಕೊಂಡವರು ಕಾಸರಗೋಡು, ದಕ್ಷಿಣ ಕನ್ನಡದ ಗಡಿಯ ಸುರಂಗ ತೋಡುವವರು. ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದು, ಕೋಲು ಲೆಕ್ಕದಲ್ಲಿ ಅಳೆಯುತ್ತ, ಒರತೆ ಸಿಗುವವರೆಗೆ ಒಳಗೆ ಹೋಗುವ ಕೆಲಸ. ಗೋಡೆಗೂ ಮಾಡಿಗೂ ಯಾವ ಊರೆಯೂ ಇಲ್ಲದೆ ಸುರಂಗ ನಿಲ್ಲುವುದು ಮುರ ಗಟ್ಟಿಯಾಗಿದ್ದರೆ ಮಾತ್ರ; ನೀರು ಸಿಗುವುದು ಅದು ಶೇಡಿಯನ್ನು ಮುಟ್ಟುವಲ್ಲಿ. ಒಂದು ತಪ್ಪಿದರೆ ಮಣ್ಣು ಮೈಮೇಲೆ, ಇನ್ನೊಂದು ತಪ್ಪಿದರೆ ವರ್ಷಗಟ್ಟಲೆಯ ದುಡಿಮೆ ದಂಡ. 2022ರಲ್ಲಿ ಪದ್ಮಶ್ರೀ ಪಡೆದ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಹಲವು ಸುರಂಗಗಳಲ್ಲಿ ನೀರು ಕಾಣದೆ ಮತ್ತೆ ಮತ್ತೆ ತೋಡಿ ಗುಡ್ಡವನ್ನು ತೋಟ ಮಾಡಿದವರು. ಇದಕ್ಕೆ ಎದುರಾಗಿ, ಯಂತ್ರ, ಎಂಜಿನಿಯರು ಎಲ್ಲ ಇದ್ದೂ ಅಡಿಯ ಮಣ್ಣು ಮಣಿಯದೆ ನಿಂತ ಉದಾಹರಣೆಯೂ ಇದೇ ಕರಾವಳಿಯಲ್ಲಿದೆ. ಪಡುಬಿದ್ರಿಯ ಮೇಲೆ ಹಾದುಹೋಗುವ ಕೊಂಕಣ ರೈಲುಮಾರ್ಗ ಗಟ್ಟಿ ಬಂಡೆಯ ಉದ್ದುದ್ದ ಸುರಂಗಗಳನ್ನು ಮುಗಿಸಿದ ಮೇಲೂ ಗೋವೆಯ ಪೆರ್ನೇಮಿನಲ್ಲಿ ನೀರು ತುಂಬಿದ ಮೆತ್ತನೆಯ ಮಣ್ಣಿನ ಎದುರು ತಡವಾಗಿ ನಿಂತಿತು. ಇಡೀ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ. ಕೊರೆಯುವವರಿಗೆ ಕಷ್ಟ ಕೊಟ್ಟದ್ದು ಬಂಡೆಯ ಗಡಸುತನಕ್ಕಿಂತ ಹೆಚ್ಚಾಗಿ ಮಣ್ಣಿನ ಮೆದುತನ.

ಕಡಲ ಅಂಚಿಗೆ ಬಂದರೂ ಇದೇ ಕಥೆ. ಕಾಪುವಿನ ದೀಪಸ್ತಂಭ 1901ರಿಂದ ಅಲೆಯ ಬಾಯಲ್ಲೇ ನಿಂತಿದೆ, ಯಾಕೆಂದರೆ ಅದರ ಅಡಿಯಲ್ಲಿರುವುದು ಪಾದೆ. ಅದೇ ಕಾಪು, ಪಡುಬಿದ್ರಿ ತೀರದಲ್ಲಿ ಕೊರೆತ ತಡೆಯಲು ಸುರಿಯುವ ಬಂಡೆಗಲ್ಲುಗಳ ಅಡಿಯಲ್ಲಿರುವುದು ಹೊಯಿಗೆ. ತಡೆಗೋಡೆಗೆ ಬಡಿದ ಅಲೆ ಅದರ ಬುಡದ ಹೊಯಿಗೆಯನ್ನು ತೋಡುತ್ತದೆ, ಕಲ್ಲು ಒಳಗೆ ಇಳಿಯುತ್ತದೆ, ಮತ್ತೆ ಕಲ್ಲು ಹಾಕಬೇಕಾಗುತ್ತದೆ. ಮೀನುಗಾರರ ಮಕ್ಕಳಿಗೆ ಇದರ ಇನ್ನೊಂದು ಮುಖ ಚಿಕ್ಕಂದಿನಿಂದ ಗೊತ್ತು: ಚಿಪ್ಪುಜೀವಿಗಳಲ್ಲಿ ಪಚ್ಚಿಲೆ ಬೇಕಾದರೆ ಪಾದೆಗೆ ಹೋಗಬೇಕು, ಮರುವಾಯಿ ಬೇಕಾದರೆ ಅಳಿವೆಯ ಹೊಯಿಗೆ ಕೆಸರಿಗೆ ಇಳಿಯಬೇಕು. ಪಚ್ಚಿಲೆಯ ಮರಿ ಕೆಲವು ವಾರ ನೀರಿನಲ್ಲಿ ತೇಲಾಡಿ, ಗಟ್ಟಿ ಮೈ ಸಿಕ್ಕಲ್ಲಿ ನೂಲಿನಂಥ ಎಳೆಗಳನ್ನು ಬಿಟ್ಟು ಅಂಟಿಕೊಳ್ಳುತ್ತದೆ. ಮರುವಾಯಿಗೆ ಹುದುಗಲು ಮೆತ್ತನೆಯ ತಳ ಬೇಕು. ಜೀವಪರಿಸರದ ವಿಜ್ಞಾನಿ ಸಬ್‌ಸ್ಟ್ರೇಟ್ ಎನ್ನುವುದು ಇದನ್ನೇ. ಪಚ್ಚಿಲೆ ಕೃಷಿಯಲ್ಲಿ ನೀರಿಗೆ ಹಗ್ಗ ಇಳಿಬಿಡುತ್ತಾರಲ್ಲ, ಆಗ ಆ ಹಗ್ಗವೇ ಸಬ್‌ಸ್ಟ್ರೇಟ್. ಅಲ್ಲಿ ‘ಅಡಿ’ಯೂ ಇಲ್ಲ, ‘ತಳ’ವೂ ಇಲ್ಲ, ತೂಗಾಡುವ ಹಗ್ಗವನ್ನು ತಲಾಧಾರ ಎಂದು ಕರೆದು ನೋಡಿ.

ಇಂಗ್ಲಿಷಿನ ಆ ಒಂದು ಪದ ಎಷ್ಟು ಮನೆಗಳಲ್ಲಿ ದುಡಿಯುತ್ತದೆ ಎಂದು ಮಣಿಪಾಲದ ಕಾಲೇಜುಗಳ ಕಾರಿಡಾರಿನಲ್ಲಿ ಸುಮ್ಮನೆ ಕಿವಿಗೊಟ್ಟು ನಿಂತರೂ ತಿಳಿದೀತು. ಎಂಜಿನಿಯರಿಂಗ್ ವಿಭಾಗದಲ್ಲಿ ಅದು ಚಿಪ್ಪಿನ ಸರ್ಕಿಟ್ ಮೂಡಿಸುವ ಸಿಲಿಕಾನ್ ಬಿಲ್ಲೆ. ಮುದ್ರಣದವರಿಗೆ ಶಾಯಿ ಕೂರುವ ಕಾಗದ, ಪ್ಲಾಸ್ಟಿಕ್. ಅಣಬೆ ಬೆಳೆಸುವವರಿಗೆ ಒದ್ದೆ ಬೈಹುಲ್ಲು. ವೈದ್ಯಕೀಯದ ಜೀವರಸಾಯನದಲ್ಲಿ ಮಾತ್ರ ಅರ್ಥ ಪೂರಾ ಮಗುಚಿಕೊಳ್ಳುತ್ತದೆ: ಅಲ್ಲಿ ಸಬ್‌ಸ್ಟ್ರೇಟ್ ಎಂದರೆ ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದು. ಅನ್ನ ಬಾಯಲ್ಲಿ ಅಗಿಯುತ್ತಿರುವಾಗ ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಿಹಿ ಮಾಡುತ್ತದೆ. ಪಿಷ್ಟ ಇಲ್ಲಿ ಸಬ್‌ಸ್ಟ್ರೇಟ್. ಅದು ಅಡಿಯಲ್ಲಿಲ್ಲ, ಆಧಾರವೂ ಅಲ್ಲ, ಕಡೆಗೆ ಉಳಿಯುವುದೂ ಇಲ್ಲ. ಎಮಿಲ್ ಫಿಶರ್ 1894ರಲ್ಲಿ ಕಿಣ್ವಕ್ಕೂ ಅದಕ್ಕೂ ಇರುವ ಹೊಂದಿಕೆಯನ್ನು ಬೀಗ, ಬೀಗದ ಕೈಗೆ ಹೋಲಿಸಿದ. ಪಾದೆ ಪಚ್ಚಿಲೆಯನ್ನು ಹೊತ್ತು ಪಾದೆಯಾಗಿಯೇ ಉಳಿಯುತ್ತದೆ, ಪಿಷ್ಟ ಕಿಣ್ವಕ್ಕೆ ಸಿಕ್ಕಿ ಸಕ್ಕರೆಯಾಗಿಬಿಡುತ್ತದೆ. ಹೊರುವುದಕ್ಕೂ ಒಡೆದುಹೋಗುವುದಕ್ಕೂ ಒಂದೇ ಹೆಸರಿಟ್ಟದ್ದು ಇಂಗ್ಲಿಷಿನ ಬಡತನವೇ ಹೊರತು ನಿಖರತೆಯಲ್ಲ.

ಕನ್ನಡಕ್ಕೆ ಈ ಬಡತನ ಬರಬೇಕಾದ್ದಿಲ್ಲ. ಸಂಬಂಧವನ್ನು ತೋರಿಸಲು ಇಂಗ್ಲಿಷಿಗೆ ಒಂದು ನಾಮಪದ ಬೇಕಾಯಿತು. ನಮಗೆ ಅದನ್ನು ವಿಭಕ್ತಿ ಪ್ರತ್ಯಯವೇ ಮಾಡಿಕೊಡುತ್ತದೆ. ಕಿಣ್ವ ಪಿಷ್ಟವನ್ನು ಒಡೆಯುತ್ತದೆ ಎಂದಾಗ ‘ಅನ್ನು’ ಎಂಬುದೇ ಪಿಷ್ಟದ ಪಾಡು ಏನೆಂದು ಹೇಳಿಬಿಟ್ಟಿತು. ಮರುವಾಯಿ ಕೆಸರಿನಲ್ಲಿ ಹುದುಗುತ್ತದೆ, ದೀಪಸ್ತಂಭ ಪಾದೆಯ ಮೇಲೆ ನಿಂತಿದೆ, ಪಚ್ಚಿಲೆ ಹಗ್ಗಕ್ಕೆ ಅಂಟುತ್ತದೆ: ಈ ಅಲ್ಲಿ, ಮೇಲೆ, ಕ್ಕೆಗಳು ಸಬ್‌ಸ್ಟ್ರೇಟಿನ ಬೇರೆ ಬೇರೆ ಅರ್ಥಗಳನ್ನು ಇಂಗ್ಲಿಷಿಗಿಂತ ಸ್ವಚ್ಛವಾಗಿ ಬಿಡಿಸಿಡುತ್ತವೆ. ಮಾಡಬೇಕಾದದ್ದು ಇಷ್ಟೆ: ವಸ್ತುವನ್ನು ಅದರ ಹೆಸರಿನಿಂದ ಕರೆಯುವುದು, ಸ್ಥಾನವನ್ನು ವಾಕ್ಯಕ್ಕೆ ಬಿಡುವುದು. ಹಾಗೆ ಬರೆದ ಕನ್ನಡದಲ್ಲಿ ಸಬ್‌ಸ್ಟ್ರೇಟಿಗೆ ಸಮಾನ ಪದವೇ ಬೇಕಾಗದ ಸಂದರ್ಭಗಳು ಹತ್ತರಲ್ಲಿ ಏಳೆಂಟು ಎಂದು ನನ್ನ ಅಂದಾಜು. ಶಿವರಾಮ ಕಾರಂತರು ಕೋಟದಂಥ ಇದೇ ಜಿಲ್ಲೆಯ ಊರಿನಿಂದ ಬಂದು ಒಬ್ಬರೇ ಕೂತು ‘ಬಾಲಪ್ರಪಂಚ’ದ ಮೂರು, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದದ್ದನ್ನು ಸಾಹಸ ಎಂದು ಕೊಂಡಾಡುತ್ತೇವೆ; ಆದರೆ ವಿಜ್ಞಾನಕ್ಕೆ ಮೊದಲು ಬೇಕಾದ್ದು ಕನ್ನಡದ ವಾಕ್ಯ, ಆಮೇಲೆ ಪದಕೋಶ ಎಂಬ ಧೈರ್ಯವಿಲ್ಲದಿದ್ದರೆ ಅಂಥ ಕೆಲಸಕ್ಕೆ ಕೈಹಾಕಲು ಆಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ವಿಜ್ಞಾನಕ್ಕೆ ಸಾಮಾನ್ಯೀಕರಣ ಬೇಕು; ಪಾದೆ, ಹೊಯಿಗೆ, ಹಗ್ಗ ಎಂದು ಬಿಡಿಬಿಡಿಯಾಗಿ ಹೇಳುತ್ತ ಹೋದರೆ ‘ಸಬ್‌ಸ್ಟ್ರೇಟ್ ಯಾವುದೆಂಬುದರ ಮೇಲೆ ಅಲ್ಲಿ ಬಾಳುವ ಜೀವಿ ಯಾವುದೆಂದು ನಿರ್ಧಾರವಾಗುತ್ತದೆ’ ಎಂಬಂಥ ನಿಯಮವನ್ನು ಬರೆಯುವುದು ಹೇಗೆ? ಒಪ್ಪಿದೆ. ನಿಯಮ ಬರೆಯುವಾಗ ಸಾಮಾನ್ಯ ಪದ ಬೇಕು, ಅಲ್ಲಿ ಅಡಿಹಾಸು ಎನ್ನಿ, ಆಸರೆ ಎನ್ನಿ, ಬೇಕಿದ್ದರೆ ಸಬ್‌ಸ್ಟ್ರೇಟ್ ಎಂದೇ ಅನ್ನಿ. ಆದರೆ ನಿಯಮ ಬರುವುದು ಉದಾಹರಣೆಗಳ ಬೆನ್ನಿಗೆ. ನಮ್ಮ ಪಠ್ಯಗಳಲ್ಲಿ ಆಗುವುದು ತಿರುಗುಮುರುಗು: ಪದ ಮೊದಲು, ಅದರ ವ್ಯಾಖ್ಯೆ ಆಮೇಲೆ, ವಸ್ತು ಕಡೆಗೂ ಬರುವುದೇ ಇಲ್ಲ. ಎರಡನೆಯ ಆಕ್ಷೇಪ, ಇವು ಪ್ರಾದೇಶಿಕ ಪದಗಳು, ಬೀದರಿನ ಮಗುವಿಗೆ ಮುರಕಲ್ಲು ಏನು ಗೊತ್ತು ಎಂಬುದು. ಬೀದರ್ ಎಂಬ ಉದಾಹರಣೆಯನ್ನೇ ಹಿಡಿಯೋಣ. ಆ ಊರು, ಅದರ ಕೋಟೆ ನಿಂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅದರ ಅಡಿಯಲ್ಲಿ ನಮ್ಮಲ್ಲಿಯ ಗ್ರಾನೈಟು, ನೈಸುಗಳ ಬದಲು ದಖ್ಖನಿನ ಕಪ್ಪು ಬಸಾಲ್ಟ್. ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ನೀರುಗಾಲುವೆ ಆ ಜಂಬಿಟ್ಟಿಗೆಯ ಒರತೆಯನ್ನು ನಂಬಿ ಕೊರೆದದ್ದು. ಬೀದರಿನ ಮಗುವಿಗೂ ಕಾಸರಗೋಡಿನ ಮಗುವಿಗೂ ಸುರಂಗದ ನೀರು ಸಮಾನವಾದ ಪಾಠ, ಒಂದು ಕಲ್ಲಿಗೆ ಎರಡು ಹೆಸರು ಎಂಬುದಷ್ಟೇ ವ್ಯತ್ಯಾಸ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಹೆಚ್ಚು ಶಾಯಿ ಬೇಡ. ಇಬ್ಬರಿಗೂ ಗೊತ್ತಿಲ್ಲದ ಅಧಃಸ್ತರವನ್ನು ಬರೆದರೆ ಇಬ್ಬರನ್ನೂ ಸಮಾನವಾಗಿ ಹೊರಗಿಟ್ಟಂತೆ.

ಮೂರನೆಯವರು, ಇಷ್ಟೆಲ್ಲ ಯಾಕೆ, ಸಬ್‌ಸ್ಟ್ರೇಟ್ ಎಂದೇ ಬರೆದರಾಯಿತಲ್ಲ ಎನ್ನುತ್ತಾರೆ. ಸಿಲಿಕಾನ್ ಬಿಲ್ಲೆಯ ಮಟ್ಟಿಗೆ ನಾನು ಅವರ ಪಕ್ಷ. ವಸ್ತು ಹೊರಗಿನಿಂದ ಬಂದಾಗ ಅದರ ಹೆಸರೂ ಅದರ ಕೈಹಿಡಿದು ಬರುವುದು ಸಹಜ. ಬಸ್ಸು, ಪಂಪು, ಕೇಸಿಂಗ್ ಪೈಪ್ ಹೀಗೆಯೇ ಬಂದು ನಮ್ಮವಾದವು. ಮುರಕಲ್ಲು ಎಲ್ಲಿಂದಲೂ ಬಂದದ್ದಲ್ಲ. ಕಾಲಡಿಯಲ್ಲಿದ್ದುದಕ್ಕೆ ಇದ್ದ ಹೆಸರನ್ನು ಬಿಟ್ಟು ಎರವಲು ತರುವುದಕ್ಕೂ, ಇಲ್ಲದ ವಸ್ತುವಿನ ಜೊತೆ ಹೆಸರನ್ನೂ ತರುವುದಕ್ಕೂ ಅಂತರವಿದೆ. ಇನ್ನು, ಜನರ ಪದಗಳು ಸಡಿಲ, ಒಂದೂರಿನ ಶೇಡಿ ಇನ್ನೊಂದೂರಿನಲ್ಲಿ ಜೇಡಿ, ಮತ್ತೊಂದೂರಿನಲ್ಲಿ ಬೇರೆಯೇ ಮಣ್ಣು ಎಂಬ ಮಾತೂ ಸುಳ್ಳಲ್ಲ. ಆದರೆ ಲ್ಯಾಟರೈಟ್ ಎಂಬ ಪದದ ಬಗ್ಗೆ ಭೂವಿಜ್ಞಾನಿಗಳೂ ಮಣ್ಣಿನ ವಿಜ್ಞಾನಿಗಳೂ ಇನ್ನೂರು ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಕೆಲವರು ಅದನ್ನು ಬಳಕೆಯಿಂದಲೇ ಕೈಬಿಡಬೇಕೆಂದವರು. ಸಡಿಲ ಪದವನ್ನು ಬಿಗಿ ಮಾಡುವುದು ವಿಜ್ಞಾನದ ನಿತ್ಯದ ಕೆಲಸ. ಶೇಡಿಗೆ ಮಾತ್ರ ಆ ಅವಕಾಶ ಕೊಡದೆ ಇರುವುದು ಪಕ್ಷಪಾತ.

ಭಾಷಾವಿಜ್ಞಾನಿಗಳೂ ಈ ಪದವನ್ನು ತಮ್ಮ ಮನೆಗೆ ಕರೆದೊಯ್ದಿದ್ದಾರೆ. ಒಂದು ಜನರ ಹಳೆಯ ಭಾಷೆ ಅಡಿಯಲ್ಲಿದ್ದು, ಅವರು ಆಡುವ ಹೊಸ ಭಾಷೆಯ ಉಚ್ಚಾರ, ವಾಕ್ಯ, ಪದಗಳಲ್ಲಿ ಕಾಣಿಸಿಕೊಂಡರೆ ಅದಕ್ಕೆ ಸಬ್‌ಸ್ಟ್ರೇಟಮ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಅಸ್ಕೋಲಿ ಈ ವಿಚಾರವನ್ನು ಬೆಳೆಸಿದ. ಮನೆಯಲ್ಲಿ ತುಳುವಾಡಿ ಶಾಲೆಯಲ್ಲಿ ಕನ್ನಡವಾಡುವ ನಮ್ಮ ಸೀಮೆಯವರ ಮಾತು ಇದಕ್ಕೆ ಒಳ್ಳೆಯ ಅಭ್ಯಾಸದ ವಸ್ತು. ಬೆಂಗಳೂರಿನವರು ‘ಇದೆ’ ಎನ್ನುವಲ್ಲಿ ನಾವು ‘ಉಂಟು’ ಎನ್ನುತ್ತೇವೆ, ತುಳುವಿನ ‘ಉಂಡು’ ಅಡಿಯಿಂದ ದೂಡುತ್ತಿದೆ ಎಂಬುದು ಸುಲಭದ ವಿವರಣೆ. ತುಸು ತಡೆಯಬೇಕು: ಉಂಟು ಹಳೆಯ ಕನ್ನಡದ್ದೇ ಪದ. ತುಳು ಅದನ್ನು ಹೊಸದಾಗಿ ಕೊಡಲಿಲ್ಲ, ಬೇರೆಡೆ ಬಳಕೆ ತಗ್ಗಿದ್ದನ್ನು ಇಲ್ಲಿ ಉಳಿಸಿಕೊಂಡಿರಬಹುದು. ಅಡಿಯ ಪದರವೆಂದರೆ ಕೊಡುವುದು ಮಾತ್ರವಲ್ಲ, ಮೇಲಿನದು ಇಳಿದುಹೋಗದಂತೆ ಹಿಡಿದಿಡುವುದೂ ಹೌದು; ಶೇಡಿ ಮುರದ ನೀರನ್ನು ಹಿಡಿದ ಹಾಗೆ.

ಹಾಗಾದರೆ ಪ್ರೌಢಶಾಲೆಯ ಪುಸ್ತಕದಲ್ಲಿ ಆ ಪಾಠ ಹೇಗೆ ಶುರುವಾಗಬಹುದು? ಪಚ್ಚಿಲೆ ಪಾದೆಗೆ ಅಂಟಿಕೊಂಡು ಬದುಕುತ್ತದೆ. ಮರುವಾಯಿ ಹೊಯಿಗೆ ಕೆಸರಿನಲ್ಲಿ ಹುದುಗಿ ಬದುಕುತ್ತದೆ. ಪಾದೆಯ ಮೇಲೆ ಮರುವಾಯಿ ಸಿಗುವುದಿಲ್ಲ, ಬರಿಯ ಹೊಯಿಗೆಯಲ್ಲಿ ಪಚ್ಚಿಲೆ ಸಿಗುವುದಿಲ್ಲ. ಆದರೆ ಕಡಲಿಗೆ ಒಂದು ಹಗ್ಗ ಇಳಿಬಿಟ್ಟರೆ ಪಚ್ಚಿಲೆ ಅದಕ್ಕೂ ಅಂಟೀತು. ನಿಮ್ಮ ಊರಿನ ಕೆರೆ, ಹೊಳೆ, ಕಡಲಿನ ಯಾವ ಜೀವಿ ಯಾವುದನ್ನು ಹಿಡಿದು ಕೂರುತ್ತದೆ, ಪಟ್ಟಿ ಮಾಡಿ. ಹೀಗೆ ಹಿಡಿದು ಕೂರಲು ಸಿಗುವುದಕ್ಕೆ ವಿಜ್ಞಾನದಲ್ಲಿ ಸಬ್‌ಸ್ಟ್ರೇಟ್ ಎನ್ನುತ್ತಾರೆ. ನಿಮ್ಮಲ್ಲಿ ಅದಕ್ಕೆ ಏನೆನ್ನುತ್ತಾರೆ, ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ.